ನನ್ನ ಬಾಜಿಯನ್ನು ನಂಬಿದ ಕಾರ್ಯದರ್ಶಿಗಳಿಗೆ

ಬೋಡಿನಾಯಕನೂರು
ಫೆಬ್ರವರಿ 1998

ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯಾವಳಿಯ ಮಾನ್ಯ ಕಾರ್ಯದರ್ಶಿಗಳೇ,

ನನ್ನ ಸೋದರಳಿಯ ವಿಮಲ್‌ನನ್ನು ಭಾನುವಾರದ ಫೈನಲ್‌ನಿಂದ ನೀವು ಕೈಬಿಟ್ಟಿದ್ದೀರಿ. ದುಡ್ಡು ತೆಗೆದುಕೊಂಡು ಸೋಲಲಿದ್ದಾನೆ ಎಂಬುದು ನಿಮ್ಮ ಅನುಮಾನ. ಆಧಾರ, ಏಲಕ್ಕಿ ಪೇಟೆಯಲ್ಲಿ ಅವನ ತಂಡದ ಬೆಲೆ ಒಂದೇ ಮಧ್ಯಾಹ್ನ ಕುಸಿದದ್ದು. ಕುಸಿಯುವಂತೆ ಮಾಡಿದವನು ನಾನು; ಬಾಸ್ಕೆಟ್‌ಬಾಲ್‌ನಲ್ಲಿ ಒಂದು ಕಡೆಗೆ ಎಷ್ಟು ಜನ ಆಡುತ್ತಾರೆಂದು ಇಂದಿಗೂ ಖಚಿತವಾಗಿ ತಿಳಿಯದವನು.

ಊರಲ್ಲಿ ಅಂಥ ಬಾಜಿಯೇ ಇಲ್ಲವೆಂದು ಕಳೆದ ತಿಂಗಳು ನೀವೇ ಪತ್ರಿಕೆಗೆ ಹೇಳಿದ್ದಿರಿ. ಇಲ್ಲದ ಪೇಟೆಯ ಬೆಲೆ ನಿಮ್ಮನ್ನು ತಲುಪಿದ್ದು ಹೇಗೆಂದು ಕೇಳುವುದಿಲ್ಲ. ಇದು ಬಹಿರಂಗ ಪತ್ರ, ಆದ್ದರಿಂದ ಗೊತ್ತಿಲ್ಲದ ಓದುಗರಿಗಾಗಿ ಹೇಳುತ್ತೇನೆ: ಪೊನ್ನುಸಾಮಿಯವರ ಏಲಕ್ಕಿ ಮಂಡಿಯಲ್ಲಿ ವ್ಯಾಪಾರ ಮಂದವಾದಾಗ ಕಾಲೇಜು ತಂಡಗಳ ಚೀಟಿಗಳು ಮಾರಾಟವಾಗುತ್ತವೆ. ತಂಡ ಗೆದ್ದರೆ ಮಾರಿದವನು ಕೊಂಡವನಿಗೆ ನೂರು ರೂಪಾಯಿ ಕೊಡಬೇಕು; ಸೋತರೆ ಚೀಟಿಗೆ ಪಡೆದ ಬೆಲೆ ಮಾರಿದವನಿಗೇ ಉಳಿಯುತ್ತದೆ. ಅಲ್ಲಿಯವರೆಗೆ ಜನರ ನಂಬಿಕೆಯಂತೆ ಬೆಲೆ ಏರಿಳಿಯುತ್ತದೆ. ದನದ ಸಂತೆಯಲ್ಲಿ ಮಾಡುವಂತೆ ಟವೆಲಿನ ಕೆಳಗೆ ಬೆರಳು ಒತ್ತಿ ಬೆಲೆ ಹೇಳುತ್ತಾರೆ. ಟವೆಲು ಬೆಲೆಯನ್ನು ಮುಚ್ಚುತ್ತದೆ, ಮಾರುವವನ ಮುಖವನ್ನಲ್ಲ.

ಮಾರಿಸಿದವಳು ವಿಮಲ್‌ನ ತಾಯಿ, ನನ್ನ ಅಕ್ಕ ರಂಗಮ್ಮಾಳ್. ಸೆಮಿಫೈನಲ್ ಗೆದ್ದ ಮೇಲೆ ಎಲ್ಲರೂ ಹುಡುಗನನ್ನೇ ಹೊಗಳುತ್ತಿದ್ದರು.

"ತಂಬಿ, ಊರ್ ಕಣ್ಣೆಲ್ಲ ಅವನ ಮೇಲೈತೆ. ನೀನಾದ್ರೂ ಅವ ಸೋಲ್ತಾನೆ ಅನ್ನು."

"ಸೋಲ್ತಾನೆ," ಎಂದೆ.

"ಬಾಯಲ್ಲಿ ಅಂದ್ರೆ ಯಾವ ಕಣ್ಣು ನಂಬುತ್ತೆ? ದುಡ್ಡಿಟ್ಟು ಅನ್ನು. ಯಾಕಂತ ಯಾರ್ಗೂ ಹೇಳ್ಬೇಡ, ಹೇಳಿದ್ರೆ ಫಲಿಸಲ್ಲ."

ಹೀಗೆ, ದೃಷ್ಟಿ ತಾಗುವುದನ್ನು ನಂಬದ, ವಿಚಾರವಂತನೆಂದು ಹೆಸರು ಮಾಡಿಕೊಂಡ ನಾನು ಟವೆಲಿನ ಕೆಳಗೆ ಕೈಯಿಟ್ಟೆ. ಪೊನ್ನುಸಾಮಿ ನನ್ನ ಮುಖವನ್ನೇ ನೋಡಿದರು. "ಏನ್ ಸಾರ್, ಸೋದರಮಾವನೇ ಮಾರೋಕೆ ಬಂದ್ರಿ. ಹುಡುಗನ ಕಾಲು ಉಳುಕಿತಾ, ಇಲ್ಲಾ ಮನಸ್ಸಾ?" ಅಕ್ಕನ ಅಪ್ಪಣೆಯಂತೆ ಸುಮ್ಮನೆ ನಕ್ಕೆ. ನಾನು ಬರೆದ ಯಾವುದನ್ನೂ ಈ ಊರು ಆ ನಗುವಿನಷ್ಟು ಗಮನವಿಟ್ಟು ಓದಿಲ್ಲ. ಸಂಜೆಯ ಹೊತ್ತಿಗೆ ಎಲ್ಲರೂ ಮಾರುತ್ತಿದ್ದರು.

ಮಾನ್ಯರೇ, ಈ ತಮಿಳು ಊರಿನಲ್ಲಿ ನನ್ನಂತೆ ನೀವೂ ಮನೆಯಲ್ಲಿ ಕನ್ನಡ ಆಡುವವರೇ. ಅದಕ್ಕೇ ಈ ಪತ್ರ ಕನ್ನಡದಲ್ಲಿ. ಕೂಸಾಗಿದ್ದಾಗ ನಿಮ್ಮ ಕೆನ್ನೆಗೂ ಕಾಡಿಗೆಯ ಬೊಟ್ಟಿಟ್ಟಿರುತ್ತಾರೆ. ಅದನ್ನು ಕಂಡು, ಈ ಕೂಸಿನ ಮುಖವೇ ಕೊಳಕೆಂದು ಯಾರಾದರೂ ನಿಮ್ಮನ್ನು ತೊಟ್ಟಿಲಿನಿಂದ ಇಳಿಸಿದರೇ? ನಾನಿಟ್ಟದ್ದೂ ಅಂಥದೇ ಬೊಟ್ಟು. ಪೇಟೆ ಅದನ್ನು ಸುದ್ದಿಯೆಂದುಕೊಂಡಿತು. ನೀವು ಪೇಟೆಯನ್ನೇ ಸಾಕ್ಷಿಯೆಂದುಕೊಂಡಿರಿ.

ವಿಮಲ್ ಜಗಳವಾಡಲಿಲ್ಲ. ಬೂಟಿನ ಲೇಸು ಬಿಚ್ಚುತ್ತಾ, "ಮಾಮ, ಇನ್ನು ನನ್ನ ಒಳ್ಳೇದಕ್ಕೆ ಅಂತ ಏನೂ ಮಾಡ್ಬೇಡಿ," ಎಂದ. ಅಕ್ಕ ನನ್ನನ್ನು ಮನೆಯೊಳಗೆ ಬಿಡುತ್ತಿಲ್ಲ. ಈಗ ಅವನಿಲ್ಲದೆ ತಂಡ ಸೋತರೆ ಹೆಚ್ಚು ಲಾಭ ಯಾರಿಗೆ ಗೊತ್ತೇ? ಬೆಲೆ ಇಳಿಯುವ ಮೊದಲೇ ಮಾರಿದ ನನಗೆ. ಮೋಸ ತಡೆಯುವ ನಿಮ್ಮ ಕ್ರಮದ ಫಲ ಇಷ್ಟೇ.

ಭಾನುವಾರ ಅವನನ್ನು ಅಂಕಣಕ್ಕಿಳಿಸಿ. ಯಾರನ್ನಾದರೂ ಶಿಕ್ಷಿಸಲೇಬೇಕೆಂದರೆ ನನ್ನನ್ನು ಗೇಟಿನ ಹೊರಗೆ ನಿಲ್ಲಿಸಿ. ಒಳಗಿದ್ದರೂ ನನಗೆ ಆಟ ಅರ್ಥವಾಗದು. ಅವನು ಗೆಲ್ಲಲಿ, ಮಾರಿದ ಚೀಟಿಗಳಿಗೆಲ್ಲ ನಾನು ತೆತ್ತು ಬರುತ್ತೇನೆ. ಅಕ್ಕ ಬಾಗಿಲು ತೆಗೆಯಬೇಕಾದರೆ ನಾನು ಸೋತಿರಬೇಕು.

ಇಂತಿ,
ತನ್ನ ಸೋಲಿಗೆ ನಿಮ್ಮನ್ನೇ ನೆಚ್ಚಿಕೊಂಡಿರುವ
ವಿಮಲ್‌ನ ಸೋದರಮಾವ