ನಾನು ಕಿತ್ತೆಸೆದ ಗೋಧಿ ಗಿಡ

ಮಾರ್ಚ್ ೧೪, ಗುರುವಾರ

ಹೊಟ್ಟೆಕಿಚ್ಚು. ಬೇರೆ ಹೆಸರಿಟ್ಟು ಬರೆದರೆ ಈ ಪುಸ್ತಕಕ್ಕೂ ಸುಳ್ಳು ಹೇಳಿದ ಹಾಗೆ.

ಸಂಶೋಧನಾ ಕೇಂದ್ರದ ಉಪ್ಪುನೆಲದ ತಾಕಿನಲ್ಲಿ ನನ್ನ ಹದಿಮೂರು ವರ್ಷದ ಗೋಧಿ ತಳಿ ಬರೀ ಜೊಳ್ಳಾಯಿತು. ನನ್ನ ಕೈಕೆಳಗೆ ಪಳಗಿದ ಹುಡುಗಿಯ ತಳಿ ಪಕ್ಕದಲ್ಲೇ ಗಟ್ಟಿ ಕಾಳು ಕಟ್ಟಿದೆ. ತಳಿ ಬೆರೆಸಲು ಚಿಮಟ ಹಿಡಿದು ಹೂವಿನ ಕೇಸರ ಕೀಳುವುದನ್ನು ಅವಳಿಗೆ ಕಲಿಸಿದವಳೇ ನಾನು.

ಇವತ್ತು ಸಭೆಯಲ್ಲಿ ನಿರ್ದೇಶಕರು ಅವಳ ತಳಿಯನ್ನು ಹೊಗಳುತ್ತಿದ್ದರೆ ಅವಳು ಎದ್ದು ನಿಂತಳು. "ಸರ್, ಇದರ ತಾಯಿಗಿಡ ಅಕ್ಕಂದು. ಅವ್ರು ಕಿತ್ತು ಹಾಕಿದ್ದನ್ನ ನಾನು ಕುಂಡದಲ್ಲಿ ನೆಟ್ಕೊಂಡೆ, ಅಷ್ಟೇ."

ಹೌದು, ಕಿತ್ತಿದ್ದು ನಾನೇ. ಕೆಳಗಿನ ಎಲೆಗಳು ಸುಟ್ಟಿದ್ದವು, ಇದು ಉಪ್ಪು ತಡೆಯದ ಗಿಡ ಎಂದುಕೊಂಡೆ. ಅದು ಉಪ್ಪನ್ನೆಲ್ಲ ಹಳೆಯ ಎಲೆಗಳಿಗೆ ತಳ್ಳಿ ಹೊಸ ಎಲೆಗಳನ್ನು ಕಾಯುತ್ತಿತ್ತಂತೆ. ಸುಳಿ ಹಸಿರಾಗಿತ್ತು. ನಾನು ನೋಡಲಿಲ್ಲ, ಅವಳು ನೋಡಿದಳು.

ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ನಾನೂ ಹಲ್ಲು ಕಿರಿದೆ.

"ನಿನ್ ಹೆಸ್ರೂ ಹೇಳಿದ್ಲಲ್ಲ, ಇನ್ನೇನ್ ಬೇಕು ನಿಂಗೆ?" ಎಂದರು ಇವರು, ರಾತ್ರಿ ಮನೆಯಲ್ಲಿ ಊಟದ ಹೊತ್ತಿಗೆ.

ಏನು ಬೇಕು? ಅವಳು ಅದನ್ನು ಕದ್ದಿರಬೇಕಿತ್ತು. ಆಗ ಬಾಯಿತುಂಬ ಬೈಯಬಹುದಿತ್ತು. ಈಗ ನಾಳೆ ಬೆಳಗ್ಗೆ "ಅಕ್ಕಾ" ಎನ್ನುತ್ತಾ ಬರುತ್ತಾಳೆ, ನಾನು ಮೊದಲಿನ ಹಾಗೆಯೇ "ಏನಮ್ಮಾ" ಎನ್ನಬೇಕು.