ವೈನಿಯನ್ನು ಎಬ್ಬಿಸಬೇಡ

ಶರಣಣ್ಣಾ,

ನಾನು ಕೆಲಸಕ್ಕೆ ಹೊರಟೆ. ನೀನು ರಾತ್ರಿ ಪಾಳಿ ಮುಗಿಸಿ ಬಂದಾಗ ವೈನಿ ಮಲಗಿರುತ್ತಾರೆ, ಎಬ್ಬಿಸಬೇಡ. ರೊಟ್ಟಿ, ಪುಂಡಿಪಲ್ಯ ಮುಚ್ಚಿಟ್ಟಿದ್ದೇನೆ.

ನಿನ್ನೆ ಕೂಸಿನ ಕಿವಿ ತೋರಿಸಲು ನಾನೂ ವೈನಿಯೂ ಆಸ್ಪತ್ರೆಗೆ ಹೋಗಿದ್ದೆವು. ಕರೆದರೆ ಗೌರಿ ತಿರುಗುವುದಿಲ್ಲ, ನಗುವುದಿಲ್ಲ ಎಂದು ನೀನೇ ಕೂಗಾಡಿದ್ದೆಯಲ್ಲ. ಕಿವಿ ಸರಿಯಾಗಿದೆ. ಡಾಕ್ಟರಮ್ಮ ವೈನಿಯ ಮುಖವನ್ನೇ ನೋಡುತ್ತಾ, "ನೀವು ನಿದ್ದೆ ಮಾಡ್ತೀರೇನಮ್ಮಾ?" ಎಂದು ಕೇಳಿದರು.

"ಹೆರಿಗಿ ಆದಾಗಿಂದ ನಿದ್ದಿನೇ ಇಲ್ರೀ. ಕೂಸು ಅತ್ರೂ ಎತ್ಗೊಳ್ಳಾಕ ಕೈ ಬರಂಗಿಲ್ರೀ" ಎಂದು ವೈನಿ ಅಲ್ಲೇ ಅತ್ತುಬಿಟ್ಟರು.

ನೀನು ನಾಟಕ ಅಂತಿದ್ದೆ. ಇದು ಕಾಯಿಲೆಯಂತೆ, ಔಷಧಕ್ಕೆ ಗುಣವಾಗುತ್ತದಂತೆ. ತಾಯಿ ಒಳಗೊಳಗೇ ಕುಗ್ಗಿ, ಮನೆಯಲ್ಲಿ ಬರೀ ಜಗಳವೇ ಕೇಳಿಸುತ್ತಿದ್ದರೆ ಕೂಸು ನಗುವುದನ್ನು ಯಾರಿಂದ ಕಲಿಯಬೇಕು ಎಂದರು ಡಾಕ್ಟರಮ್ಮ.

ಗೌರಿ ಎದ್ದರೆ ನೀನೇ ಎತ್ತಿಕೋ. ರಾಗಿ ಗಂಜಿ ಫ್ಲಾಸ್ಕಿನಲ್ಲಿದೆ. ತಿನ್ನಿಸುವಾಗ ಮೊಬೈಲ್ ಬದಿಗಿಟ್ಟು ಅವಳ ಮುಖ ನೋಡಿ ಮಾತಾಡು. ಏನೂ ತೋಚದಿದ್ದರೆ ಬೈಯಪ್ಪನಹಳ್ಳಿ ಮೆಟ್ರೋದಲ್ಲಿ ಯಾರು ನಿನ್ನ ಕಾಲು ತುಳಿದರು ಅಂತಲಾದರೂ ಹೇಳು.

ಬಾಗಿಲು ಬಡಿಯಬೇಡ. ನೀನು ಬಡಿದರೆ ಅವಳು ಅಳುವುದಿಲ್ಲ, ಅಮ್ಮನ ಮುಖ ನೋಡುತ್ತಾ ಸೆಟೆದು ಕೂರುತ್ತಾಳೆ. ಅತ್ತಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಸೋಮವಾರ ಮತ್ತೆ ಹೋಗಬೇಕು. ಗಂಡನನ್ನೂ ಕರೆದುಕೊಂಡು ಬನ್ನಿ ಎಂದಿದ್ದಾರೆ. "ಅವ್ರು ಬರಂಗಿಲ್ರೀ" ಎಂದರು ವೈನಿ.

ನಾನು "ಬರ್ತಾನ್ರೀ" ಎಂದು ಹೇಳಿ ಬಂದಿದ್ದೇನೆ.

ನಿನ್ನ ತಂಗಿ ಸುಜಾತಾ