ಮಾಂದಾ ಅಜ್ಜಿಯ ಹೆಸರಿನ ಮುಂದಿರುವ ಹಸಿರು ಗುರುತನ್ನು ಅಳಿಸಿಕೊಡಿ

ಆರೋಗ್ಯ ಸಚಿವಾಲಯದ ಶುಶ್ರೂಷಾ ಗುಣಮಟ್ಟ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ನಾನು ಬರೆದ ಆರೈಕೆ ಯೋಜನೆಯೊಂದು ನಿಮ್ಮ ಕಂಪ್ಯೂಟರಿನಲ್ಲಿ ಸಂಪೂರ್ಣ ಯಶಸ್ವಿ ಎಂದು ದಾಖಲಾಗಿದೆ. ದಯವಿಟ್ಟು ಅದನ್ನು ವಿಫಲವೆಂದು ತಿದ್ದಿಕೊಡಿ. ಇಂಥ ಅರ್ಜಿ ನಿಮ್ಮ ಕಚೇರಿಗೆ ಹಿಂದೆಂದೂ ಬಂದಿರಲಾರದು.

ಸ್ಲಾವೋನಿಯಾ ಸೀಮೆಯ ಪಟ್ಟಣವೊಂದರ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ನಾನು ಇಪ್ಪತ್ತಾರು ವರ್ಷಗಳಿಂದ ನರ್ಸ್. ಗುರಿ ಬರೆಯುವುದರಲ್ಲಿ ಮಹಾ ಪಂಡಿತೆ. ರೋಗಿ ಏನು ಮಾಡಬೇಕು, ಎಷ್ಟು, ಯಾವ ದಿನದೊಳಗೆ ಎಂಬುದನ್ನು ಅಳತೆಪಟ್ಟಿ ಹಿಡಿದು ಬರೆಯಬೇಕೆಂದು ಹೊಸಬರಿಗೆ ಪಾಠ ಹೇಳುವವಳೂ ನಾನೇ. ನೀವು ಕೊಟ್ಟ ಪ್ರಶಸ್ತಿಪತ್ರವನ್ನು ಎಲ್ಲರ ಕಣ್ಣಿಗೂ ಬೀಳುವ ಹಾಗೆ ನಾನೇ ಮೊಳೆ ಹೊಡೆದು ತೂಗುಹಾಕಿದ್ದೇನೆ.

ಎಪ್ಪತ್ತೊಂಬತ್ತರ ಮಾಂದಾ ಅಜ್ಜಿ ಸೊಂಟದ ಮೂಳೆ ಮುರಿದುಕೊಂಡು ಬಂದಾಗ ನಾನು ಬರೆದ ಗುರಿ ಇದು: ‘ಆರನೇ ದಿನದೊಳಗೆ ವಾಕರ್ ಹಿಡಿದು ಮೂವತ್ತು ಮೀಟರ್ ನಡೆಯುತ್ತಾರೆ.’ ಅಜ್ಜಿ ನಮ್ಮ ನುಣುಪಾದ ಕಾರಿಡಾರಿನಲ್ಲಿ ಮೂವತ್ತನಾಲ್ಕು ನಡೆದರು. ನಮೂನೆಯ ಪ್ರಕಾರ ಒಂದು ಪ್ರಶ್ನೆಯನ್ನೂ ಕೇಳಿದೆ.

“ಮನೇಲಿ ಮೆಟ್ಟಿಲು ಇದ್ಯಾ, ಅಜ್ಜಿ?”

“ಇಲ್ಲ ಮಗಳೇ, ಎಲ್ಲಾ ಒಂದೇ ಸಮ.”

‘ಗುರಿ ಸಾಧಿತ’ ಎಂಬ ಹಸಿರು ಗುರುತು ಒತ್ತಿ ಮನೆಗೆ ಕಳಿಸಿಕೊಟ್ಟೆ. ಆದರೆ ಮಾನ್ಯರೇ, ನಮ್ಮ ಕಡೆ ಮನೆಯಲ್ಲಿ ಯಾರು ಬದುಕುತ್ತಾರೆ? ಮನೆ ಇರುವುದು ಪಾದ್ರಿಗಳಿಗೆ, ನೆಂಟರಿಗೆ, ಇಸ್ತ್ರಿ ಮಾಡಿದ ಪರದೆಗಳಿಗೆ. ನಾವು ಬೇಯಿಸುವುದು, ಉಣ್ಣುವುದು, ಜಗಳವಾಡುವುದು ಎಲ್ಲ ಅಂಗಳದಾಚೆಯ ಬೇಸಿಗೆ ಅಡುಗೆಮನೆಯಲ್ಲಿ. ಹೆಸರಿಗಷ್ಟೇ ಬೇಸಿಗೆ, ಹನ್ನೆರಡು ತಿಂಗಳೂ ಅಲ್ಲೇ ಬಿಡಾರ. ನಾನೂ ಹಾಗೆಯೇ ಬದುಕುವವಳು. ನನ್ನ ಮನೆಯ ಸೋಫಾದ ಮೇಲೆ ನಾನು ಕೂತು ಎರಡು ವರ್ಷವಾಯಿತು. ಅಂಥವಳಿಗೂ ಅಜ್ಜಿ ದಿನವಿಡೀ ಎಲ್ಲಿರುತ್ತಾರೆಂದು ಕೇಳಲು ಹೊಳೆಯಲಿಲ್ಲ. ಆ ಪ್ರಶ್ನೆ ನಿಮ್ಮ ನಮೂನೆಯಲ್ಲಿ ಇರಲಿಲ್ಲ, ನಿಜ. ನನ್ನ ತಲೆಯಲ್ಲಾದರೂ ಇರಬೇಕಿತ್ತಲ್ಲ?

ಹನ್ನೊಂದನೇ ದಿನ ಅಜ್ಜಿ ಆ ಅಡುಗೆಮನೆಯ ಇಟ್ಟಿಗೆ ಮೆಟ್ಟಿಲಲ್ಲಿ ಬಿದ್ದರು. ಅದೇ ಕಾಲು, ಮತ್ತೆ ಶಸ್ತ್ರಚಿಕಿತ್ಸೆ.

“ಮೆಟ್ಟಿಲು ಇಲ್ಲ ಅಂದಿದ್ರಲ್ಲ ಅಜ್ಜಿ?”

“ನೀನು ಮನೇದು ಕೇಳ್ದೆ, ನಾನು ಮನೇದು ಹೇಳ್ದೆ. ಅಡುಗೆಮನೇದು ಎಲ್ಲಿ ಕೇಳ್ದೆ?”

ಪಕ್ಕದಲ್ಲಿದ್ದ ಸಹೋದ್ಯೋಗಿ ದುಬ್ರಾವ್ಕಾ ಬಿಡುತ್ತಾಳೆಯೇ? “ಪಂಡಿತಮ್ಮ, ಇನ್ನೊಂದು ಗುರಿ ಬರಿ ನೋಡೋಣ. ಈ ಸಲ ಅಜ್ಜಿ ನಮ್ಮ ಕಾರಿಡಾರಲ್ಲೇ ಒಲೆ ಹೂಡ್ಲಿ.”

ಈಗ ಅಸಲು ಸಂಕಟ. ಅಜ್ಜಿಯನ್ನು ನಡಿಗೆ ತರಬೇತಿ ಕೇಂದ್ರಕ್ಕೆ ಕಳಿಸಿ ಎಂದು ಕೇಳಿದರೆ, ‘ನಡಿಗೆಯ ಗುರಿ ಈಗಾಗಲೇ ಸಾಧಿತ, ತರಬೇತಿ ಅನಗತ್ಯ’ ಎಂದು, ರೋಗಿಗಳನ್ನು ಎಲ್ಲಿಗೆ ಕಳಿಸಬೇಕೆಂದು ನಿರ್ಧರಿಸುವ ಸಮಿತಿಯಿಂದ ಉತ್ತರ ಬಂದಿದೆ. ನನ್ನ ಹಸಿರು ಗುರುತೇ ಅವರಿಗೆ ಆಧಾರ. ಒಮ್ಮೆ ಒತ್ತಿದ್ದನ್ನು ನಾನು ಬಿಚ್ಚಲಾರೆ. ಅದರ ಬೀಗದ ಕೈ ನಿಮ್ಮ ಕಚೇರಿಯಲ್ಲಿದೆ. ಶುಕ್ರವಾರ ಅದೇ ಸಮಿತಿ ಕೂತು ಅಜ್ಜಿಯನ್ನು ವೃದ್ಧಾಶ್ರಮಕ್ಕೆ ಕಳಿಸಲಿದೆ. ನಡೆಯಲು ಬಾರದವರು ಹೋಗುವ ಜಾಗಕ್ಕೆ, ನಡೆಯಬಲ್ಲರೆಂದು ನಾನೇ ಬರೆದುಕೊಟ್ಟ ಕಾರಣಕ್ಕೆ! ಇದನ್ನು ನೆನೆದರೆ ನನಗೆ ನಾಚಿಕೆಗಿಂತ ಹೆಚ್ಚಾಗಿ ಭಯವಾಗುತ್ತದೆ.

ಗುರುವಾರದೊಳಗೆ ಆ ಬೀಗ ತೆಗೆಯಿರಿ. ನಿನ್ನೆ ಮೊದಲ ಸಲ ನಾನು ನಮೂನೆ ನೋಡದೆ ಅಜ್ಜಿಯನ್ನೇ ಕೇಳಿದೆ. ಅವರು ಹೇಳಿದ ಗುರಿಯನ್ನು ಹಾಗೆಯೇ ದಾಖಲಿಸಿಕೊಳ್ಳಿ: “ಆ ಮೂರು ಮೆಟ್ಟಿಲು ಇಳಿದು ನನ್ನ ಕಾಫಿ ನಾನೇ ಕಾಯಿಸ್ಕೋಬೇಕು. ನೀನು ಬಂದ್ರೆ ನಿಂಗೂ ಒಂದ್ ಲೋಟ.”

ಇಂತಿ,
ತಾನು ಕೆಡವಿದ ಅಜ್ಜಿಯಿಂದಲೇ ಕಾಫಿಗೆ ಕರೆಸಿಕೊಂಡ
ನರ್ಸ್ ಯಾಗೋದಾ